ಉದಕಮಂಡಲದ ಚಳಿಯೂ ಕುಂಡದ ಗಿಡವೂ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಮಸಿನಗುಡಿಯ ಮಾರ್ಗವಾಗಿ ನೀಲಗಿರಿಯನ್ನು ಏರುವವರಿಗೆ ಕಲ್ಲಟ್ಟಿ ಘಾಟಿಯ 36 ತಿರುವುಗಳು ಮುಗಿದ ಮೇಲೆ ಎದುರಾಗುವ ಊರು ತಲೈಕುಂದ. ಬೇಸಿಗೆಯಲ್ಲಿ ಬಂದವರಿಗೆ ಅದು ತಂಪಾದ ಗಾಳಿಯ, ಹಸಿರು ಹುಲ್ಲಿನ, ನೀಲಗಿರಿ ಮರಗಳ ವಾಸನೆಯ ಒಂದು ತಿರುವು ಮಾತ್ರ. ಡಿಸೆಂಬರದ ಕೊನೆಯಲ್ಲೋ ಜನವರಿಯಲ್ಲೋ, ಮೋಡವಿಲ್ಲದ ರಾತ್ರಿ ಕಳೆದ ಬೆಳಗಿನಲ್ಲಿ ಅಲ್ಲಿಗೆ ಬಂದವರು ಬೇರೊಂದು ನೋಟವನ್ನು ಕಾಣುತ್ತಾರೆ. ತಗ್ಗಿನ ಹುಲ್ಲುಗಾವಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ರಾತ್ರಿ ಬಯಲಿನಲ್ಲಿ ನಿಲ್ಲಿಸಿದ ವಾಹನಗಳ ಗಾಜಿನ ಮೇಲೆ ಮಂಜಿನ ಪದರ ಗಟ್ಟಿಯಾಗಿ ಕೂತಿರುತ್ತದೆ. ಪ್ರವಾಸಿಗರು ಅದನ್ನು ಕೈಯಿಂದ ಕೆರೆದು, ಮಕ್ಕಳ ಕೈಗೆ ಕೊಟ್ಟು, ಚಿತ್ರ ತೆಗೆದುಕೊಳ್ಳುತ್ತಾರೆ. ದಕ್ಷಿಣ ದೇಶದಲ್ಲಿ ಹುಟ್ಟಿ ಬೆಳೆದವರಿಗೆ ಆ ಬಿಳುಪು ಹಬ್ಬವಾಗಿ ಕಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಹೊತ್ತಿಗೆ ಊರಿನ ಮನೆಗಳಲ್ಲಿ ಬಾಗಿಲು ತೆರೆದು ಹೊರಬರುವ ಗೃಹಿಣಿಯ ಕಣ್ಣು ಹುಲ್ಲಿನ ಕಡೆಗೆ ಹೋಗುವುದಿಲ್ಲ. ಅದು ಮೆಟ್ಟಿಲ ಪಕ್ಕದ ಕುಂಡಗಳ ಕಡೆಗೆ ಹೋಗುತ್ತದೆ.

ಈ ಬಿಳುಪಿಗೆ ತಮಿಳಿನಲ್ಲಿ ಉರೈಪನಿ ಎಂಬ ಹೆಸರಿದೆ. ಉರೈ ಎಂದರೆ ಹೆಪ್ಪುಗಟ್ಟು. ಪನಿ ಎಂದರೆ ಇಬ್ಬನಿ. ಆ ಪನಿಯೂ ಕನ್ನಡದ ಹನಿಯೂ ಒಂದೇ ಬೇರಿನವು. ಆದರೂ ಹೆಪ್ಪುಗಟ್ಟಿದ ಇಬ್ಬನಿಗೆ ಬಯಲುಸೀಮೆಯ ಕನ್ನಡ ತನ್ನದೇ ಆದ, ಎಲ್ಲರ ಬಾಯಲ್ಲೂ ನೆಲೆಸಿದ ಒಂದು ಹೆಸರನ್ನು ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಳ್ಳುವ ಅಗತ್ಯ ಅಲ್ಲಿಯವರಿಗೆ ಬೀಳಲಿಲ್ಲವೆನ್ನುವುದೇ ಸರಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯದು; ಅದು 7.8 ಡಿಗ್ರಿ ಸೆಲ್ಸಿಯಸ್. ಅಲ್ಲಿಯ ತೋಟಗಾರನಿಗೆ ಚಳಿ ಎಂದರೆ ಕಂಬಳಿ ಹೊದೆಯುವ ವಿಷಯ. ಗಿಡಕ್ಕೆ ಹೊದಿಸುವ ಮಾತು ಅವನಿಗೆ ತಮಾಷೆಯಾಗಿ ಕೇಳಿಸೀತು. ಉದಕಮಂಡಲದ ಕನ್ನಡ ಮನೆಗಳಲ್ಲಿ ಅದನ್ನು ಹಿಮ ಎನ್ನುವುದೂ ಉಂಟು, ತಮಿಳಿನ ಪದವನ್ನೇ ಬಳಸುವುದೂ ಉಂಟು. ಇಲ್ಲಿ ಹಿಮ ಎಂದೇ ಕರೆಯೋಣ. ಇದು ಆಕಾಶದಿಂದ ಬೀಳುವ ಹಿಮವಲ್ಲ, ನೆಲದ ಮೇಲೆಯೇ ಹುಟ್ಟುವ ಹಿಮ ಎಂಬುದಷ್ಟು ನೆನಪಿನಲ್ಲಿದ್ದರೆ ಸಾಕು.

ಹಿಮ ಹುಟ್ಟುವ ಬಗೆಯನ್ನು ತಿಳಿಯದೆ ಅದರಿಂದ ಗಿಡವನ್ನು ಕಾಯುವುದು ಆಗದ ಮಾತು. ಹಗಲಿನಲ್ಲಿ ಬಿಸಿಲು ಕುಡಿದ ನೆಲ ರಾತ್ರಿ ಆ ಬಿಸಿಯನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ತಡೆದು ಒಂದಷ್ಟನ್ನು ಕೆಳಗೆ ಕಳುಹಿಸುತ್ತದೆ. ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನ ತಣ್ಣನೆಯ ಗಾಳಿಯೊಡನೆ ಬೆರೆಯುತ್ತದೆ. ಮೋಡವೂ ಇಲ್ಲದೆ, ಗಾಳಿಯೂ ಇಲ್ಲದೆ, ನಕ್ಷತ್ರಗಳು ಸ್ಪಷ್ಟವಾಗಿ ಹೊಳೆಯುವ ರಾತ್ರಿಯೇ ಗಿಡಗಳಿಗೆ ಕೆಟ್ಟ ರಾತ್ರಿ. ಆಗ ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹವಾಮಾನ ವರದಿಯಲ್ಲಿ 3 ಡಿಗ್ರಿ ಎಂದು ಓದಿದವರು ‘ಸೊನ್ನೆಗೆ ಇಳಿದಿಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದುಂಟು. ಆ ಲೆಕ್ಕ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಮರದ ಪೆಟ್ಟಿಗೆಯ ನೆರಳಿನಲ್ಲಿ ಇಟ್ಟ ಉಷ್ಣಮಾಪಕದ್ದು. ಆ ಹೊತ್ತಿಗೆ ಹುಲ್ಲಿನ ತುದಿಯಲ್ಲಿ ಸೊನ್ನೆಯೂ ಇರಬಹುದು, ಅದಕ್ಕಿಂತ ಕೆಳಗೂ ಇರಬಹುದು. ಕುಂಡ ಇರುವುದು ಹುಲ್ಲಿನ ಮಟ್ಟದಲ್ಲಿ, ವರದಿಯ ಮಟ್ಟದಲ್ಲಲ್ಲ.

ತಣ್ಣನೆಯ ಗಾಳಿಗೆ ಭಾರ ಹೆಚ್ಚು. ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗನ್ನು ಸೇರುತ್ತದೆ. ಉದಕಮಂಡಲದಲ್ಲಿ ಕುದುರೆ ಪಂದ್ಯದ ಮೈದಾನ, ಕಾಂದಲ್, ಹೊರಗೆ ತಲೈಕುಂದ, ಅವಲಾಂಚಿಯ ಕಣಿವೆ, ಇವೆಲ್ಲ ಹಿಮಕ್ಕೆ ಹೆಸರಾಗಿರುವುದು ಈ ಕಾರಣದಿಂದ. ದೊಡ್ಡಬೆಟ್ಟ 2637 ಮೀಟರ್ ಎತ್ತರ, ಪೇಟೆ ಸುಮಾರು 2240 ಮೀಟರ್. ಎತ್ತರವೊಂದೇ ಲೆಕ್ಕವಾಗಿದ್ದರೆ ಶಿಖರದ ಪಕ್ಕದ ಇಳಿಜಾರು ಪೇಟೆಗಿಂತ ಹೆಚ್ಚು ಸುಟ್ಟುಹೋಗಬೇಕಿತ್ತು. ಆದರೆ ಇಳಿಜಾರಿನ ಮಧ್ಯಭಾಗ ಎಷ್ಟೋ ಸಲ ಹಸಿರಾಗಿಯೇ ಉಳಿಯುತ್ತದೆ, ಕೆಳಗಿನ ತಗ್ಗು ಕಪ್ಪಾಗುತ್ತದೆ. ಬಡಗರ ಹಟ್ಟಿಗಳನ್ನು ದೂರದಿಂದ ನೋಡಿದವರಿಗೆ ಗೊತ್ತು: ಮನೆಗಳ ಸಾಲು ಸಾಮಾನ್ಯವಾಗಿ ಗುಡ್ಡದ ಮೈಮೇಲೆ ಇರುತ್ತದೆ, ಹೊಳೆಯ ಪಕ್ಕದ ತಗ್ಗಿನಲ್ಲಿ ಅಲ್ಲ. ಇದಕ್ಕೆ ಬೇರೆ ಕಾರಣಗಳೂ ಇದ್ದಾವು. ಆದರೆ ಜನವರಿಯ ಒಂದು ಬೆಳಗ್ಗೆ ಹಟ್ಟಿಯ ಅಂಗಳದ ಜೆರೇನಿಯಂ ಗಿಡವನ್ನೂ ತಗ್ಗಿನ ಬಂಗಲೆಯ ಜೆರೇನಿಯಂ ಗಿಡವನ್ನೂ ನೋಡಿ ಬಂದವರಿಗೆ ಹಳಬರ ಆಯ್ಕೆಯ ಬಗ್ಗೆ ಗೌರವ ಹುಟ್ಟದೆ ಇರದು.

ನೆಲದಲ್ಲಿ ಬೇರೂರಿದ ಗಿಡಕ್ಕಿಂತ ಕುಂಡದ ಗಿಡದ ಪಾಡು ಕಷ್ಟದ್ದು. ನೆಲದೊಳಗಿನ ಬೇರಿಗೆ ಇಡೀ ಭೂಮಿಯೇ ಹೊದಿಕೆ. ಮೇಲೆ ಎಷ್ಟೇ ಚಳಿಯಿದ್ದರೂ ಒಂದು ಗೇಣು ಕೆಳಗೆ ಮಣ್ಣು ಬೆಚ್ಚಗಿರುತ್ತದೆ. ಕುಂಡದ ಮಣ್ಣಿಗಾದರೋ ಸುತ್ತಲೂ ಗಾಳಿ. ಆರು ಗಂಟೆಗೆ ಬಿಸಿಲು ಹೋದರೆ ಅದರಲ್ಲಿದ್ದ ಬಿಸಿ ನಾಲ್ಕೂ ಕಡೆಯಿಂದ ಸೋರಿಹೋಗುತ್ತದೆ. ಬೇರು ಕೊಂಬೆಯಷ್ಟು ಗಟ್ಟಿಯಲ್ಲ ಎಂಬುದು ಎಷ್ಟೋ ಜನರಿಗೆ ತಿಳಿಯದ ಸಂಗತಿ. ಮೇಲಿನ ಕಾಂಡ ತಡೆದುಕೊಳ್ಳುವ ಚಳಿಯನ್ನು ಕೆಳಗಿನ ಎಳೆಬೇರು ತಡೆದುಕೊಳ್ಳಲಾರದು. ನೀಲಗಿರಿಯಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ದೊಡ್ಡ ಕುಂಡದ ಬೇರಿಗೆ ಸಾವು ಬರುವುದು ಅಪರೂಪ. ಆದರೆ ಬೆಳೆಸುವ ಉತ್ಸಾಹದಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ, ತೆಳು ಚೀಲಗಳಲ್ಲಿ ಗಿಡ ನೆಟ್ಟು ಗೋಡೆಯ ಮೇಲೆ ಸಾಲಾಗಿ ಜೋಡಿಸುವವರು ಆ ಅಪರೂಪವನ್ನು ತಾವೇ ಕರೆತರುತ್ತಾರೆ. ಮಣ್ಣು ಹೆಚ್ಚಿದ್ದಷ್ಟು ಬಿಸಿಯ ಉಳಿತಾಯ ಹೆಚ್ಚು. ಗೋಡೆಯ ಮೇಲಿನ ಸಣ್ಣ ಕುಂಡಕ್ಕಿಂತ ನೆಲದ ಮೇಲಿನ ದೊಡ್ಡ ಕುಂಡ ವಾಸಿ. ಒಂಟಿ ಕುಂಡಕ್ಕಿಂತ ಒತ್ತೊತ್ತಾಗಿ ಗುಂಪುಗೂಡಿಸಿದ ಕುಂಡಗಳು ವಾಸಿ. ಆ ಗುಂಪಿನ ಸಂದುಗಳಲ್ಲಿ ಒಣ ತರಗೆಲೆ ತುಂಬಿದರೆ ಇನ್ನೂ ವಾಸಿ.

ಎಲೆಯೊಳಗೆ ನಡೆಯುವುದೂ ಹೀಗೆಯೇ ಮೌನವಾದ ವ್ಯವಹಾರ. ಮೊದಲು ಜೀವಕೋಶಗಳ ನಡುವಿನ ನೀರು ಹೆಪ್ಪುಗಟ್ಟುತ್ತದೆ. ಆ ಮಂಜಿನ ಹರಳು ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಒಳಗಿನದು ಬತ್ತಿ ಸೊರಗುತ್ತದೆ. ಇಷ್ಟಾದರೂ ಎಲೆ ನೋಡಲು ಹಸಿರಾಗಿಯೇ, ಸ್ವಲ್ಪ ಗಾಜಿನಂತೆ ಕಾಣುತ್ತದೆ. ಪೂರ್ವದ ಬಿಸಿಲು ನೇರವಾಗಿ ಬಿದ್ದು ಹರಳು ಒಮ್ಮೆಲೇ ಕರಗಿದಾಗ ಕೋಶದ ಪೊರೆ ಹರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲೆ ಬೇಯಿಸಿದ ಸೊಪ್ಪಿನಂತೆ ಜೋಲುತ್ತದೆ, ಮರುದಿನ ಕಪ್ಪಾಗುತ್ತದೆ. ಆದ್ದರಿಂದ ಕುಂಡಕ್ಕೆ ಮುಂಜಾನೆಯ ಎಳೆಬಿಸಿಲು ಒಳ್ಳೆಯದೆಂಬ ಬಯಲಿನ ತಿಳುವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಚಳಿಗಾಲದಲ್ಲಿ ಪೂರ್ವಕ್ಕೆ ತೆರೆದ ಜಾಗವೇ ಅಪಾಯದ ಜಾಗ. ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖಮಾಡಿದ ಕಲ್ಲುಗೋಡೆಯ ಬುಡ, ಮಧ್ಯಾಹ್ನದ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುವಂಥದು, ಕುಂಡಕ್ಕೆ ಅತ್ಯುತ್ತಮ. ಅದರ ಮೇಲೊಂದು ಸೂರು ಚಾಚಿಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಎಲೆ ತನ್ನ ಬಿಸಿಯನ್ನು ಕಳೆದುಕೊಳ್ಳುವುದು ತೆರೆದ ಆಕಾಶಕ್ಕೆ. ಸೂರಿನ ಕೆಳಗೆ ನಿಂತ ಗಿಡಕ್ಕೆ ಆಕಾಶ ಕಾಣದು, ಹಿಮವೂ ಕೂರದು.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಡಿಸೆಂಬರದ ಒಂದು ಸಂಜೆ ಸರ್ಕಾರಿ ಸಸ್ಯೋದ್ಯಾನಕ್ಕೆ ಹೋಗಬೇಕು. ದೊಡ್ಡಬೆಟ್ಟದ ಪಾದದಲ್ಲಿ ಸುಮಾರು 22 ಹೆಕ್ಟೇರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಹರಡಿರುವ ಈ ತೋಟವನ್ನು ರೂಪಿಸಲು 1848ರಲ್ಲಿ ಬಂದವನು ವಿಲಿಯಂ ಗ್ರಹಾಂ ಮೆಕೈವರ್. ಅವನು ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದವನು. ಮುಂದೆ ಸಿಂಕೋನಾ ಮರವನ್ನು, ಅಂದರೆ ಮಲೇರಿಯಾ ಜ್ವರದ ಔಷಧಿಯಾದ ಕ್ವಿನೈನಿನ ಮೂಲವನ್ನು, ನೀಲಗಿರಿಯಲ್ಲಿ ಬೇರೂರಿಸುವ ಹೊಣೆಯೂ ಅವನ ಮೇಲೆ ಬಿತ್ತು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಆಂಡೀಸ್ ಪರ್ವತಗಳಿಂದ ತಂದ ಮೊದಲ ಕಂತಿನ ಸಸಿಗಳು ಗಾಜಿನ ಪೆಟ್ಟಿಗೆಗಳಲ್ಲಿ ಸಮುದ್ರ ದಾಟಿ ಉದಕಮಂಡಲವನ್ನು ತಲುಪಿದವು, ಆದರೆ ಬದುಕಲಿಲ್ಲ. ದಾರಿಯ ಸೆಕೆ ಅವುಗಳನ್ನು ಆಗಲೇ ಹಣ್ಣುಮಾಡಿತ್ತು. ಅನಂತರ ಬಂದ ಬೀಜ, ಸಸಿಗಳನ್ನು ಮೆಕೈವರ್ ಗಾಜಿನ ಮನೆಯ ಆಸರೆಯಲ್ಲಿ ಬೆಳೆಸಿ, ತುಂಡುಗಳಿಂದ ವೃದ್ಧಿಮಾಡಿ, ಬಳಿಕ ಬಯಲಿಗೆ ಕಳುಹಿಸಿದ. ಕೆಂಪು ತೊಗಟೆಯ ಜಾತಿಗೆ ತಗ್ಗಿನ, ಬೆಚ್ಚನೆಯ ನಡುವಟ್ಟಂ. ಚಳಿ ತಡೆಯುವ ಜಾತಿಗೆ ದೊಡ್ಡಬೆಟ್ಟ. ಯಾವ ಗಿಡಕ್ಕೆ ಎಷ್ಟು ಚಳಿ ಎಂಬ ಲೆಕ್ಕ ಈ ಬೆಟ್ಟದಲ್ಲಿ ಅಂದಿನಿಂದಲೂ ತೋಟಗಾರಿಕೆಯ ಮೊದಲ ಪಾಠ.

ಇಂದು ಆ ತೋಟದ ಕಣ್ಣೆಲ್ಲ ಮೇ ತಿಂಗಳ ಫಲಪುಷ್ಪ ಪ್ರದರ್ಶನದ ಮೇಲೆ. 1896ರಲ್ಲಿ ಆರಂಭವಾದ ಆ ಪ್ರದರ್ಶನಕ್ಕೆ ಹತ್ತಾರು ಸಾವಿರ ಕುಂಡಗಳು ಸಿದ್ಧವಾಗಬೇಕು. ಮೇ ತಿಂಗಳಲ್ಲಿ ಅರಳಬೇಕಾದ ಹೂವಿನ ಸಸಿ ಎಳೆಯದಾಗಿರುವುದು ಚಳಿಗಾಲದಲ್ಲೇ. ಸಂಜೆಯಾಗುತ್ತಿದ್ದಂತೆ ಕೆಲಸದವರು ಸಾಲುಸಾಲು ಗಿಡಗಳ ಮೇಲೆ ಕೊಂಬೆಗಳನ್ನು ಕವುಚಿ ಹಾಕುತ್ತಾರೆ. ಕೋತಗಿರಿ ಮಿಲಾರ್ ಎಂದು ಸ್ಥಳೀಯರು ಕರೆಯುವ ಪೊದೆಯ ಸೊಪ್ಪಿನ ಕೊಂಬೆಗಳು ಅವು. ದೂರದಿಂದ ನೋಡಿದರೆ ಹೂದೋಟದ ಬದಲು ಸೌದೆಯ ರಾಶಿ ಕಂಡಂತಾಗುತ್ತದೆ. ಚಳಿಗಾಲದಲ್ಲಿ ಬಂದ ಪ್ರವಾಸಿಗರು ನಿರಾಶರಾಗುವುದೂ ಉಂಟು. ಬೆಳಗ್ಗೆ ಹುಲ್ಲುಹಾಸಿನ ಮೇಲೆ ನೀರು ಚಿಮುಕಿಸಿ, ಬಿಸಿಲು ಬೀಳುವ ಮೊದಲೇ ಬಿಳುಪನ್ನು ತೊಳೆಯುತ್ತಾರೆ. ಇಷ್ಟು ಕೈಗಳು, ಇಷ್ಟು ಸಂಜೆಗಳು. ಪ್ರದರ್ಶನದ ದಿನ ಹೂವಿಗೆ ಬಹುಮಾನದ ಚೀಟಿ ಅಂಟುತ್ತದೆ, ಅದರ ಬೆಳೆಗಾರರ ಹೆಸರೂ ಕೆಲವೊಮ್ಮೆ ಕಾಣುತ್ತದೆ. ಜನವರಿಯ ಕತ್ತಲಲ್ಲಿ ಬೆರಳು ಮರಗಟ್ಟಿದವರ ಪಾಲಿಗೆ ಯಾವ ಚೀಟಿಯೂ ಇರುವುದಿಲ್ಲ.

ಬೆಟ್ಟದ ಬಡವರ ಹೊದಿಕೆ ಜರಿಗಿಡ. ರಸ್ತೆಯ ಪಕ್ಕ, ಕಾಡಿನ ಅಂಚು, ಬಿಟ್ಟ ಹೊಲ, ಎಲ್ಲೆಂದರಲ್ಲಿ ತಾನೇ ಬೆಳೆಯುವ ದೊಡ್ಡ ಜರಿಗಿಡವನ್ನು ತಮಿಳಿನಲ್ಲಿ ತಾಗೈ ಎನ್ನುತ್ತಾರೆ. ಸಣ್ಣ ಹಿಡುವಳಿಯ ಚಹಾ ಬೆಳೆಗಾರರು ಹಿಮ ಬೀಳುವ ತಿಂಗಳುಗಳಲ್ಲಿ ಅದನ್ನು ಕೊಯ್ದು ತಂದು ಚಹಾ ಗಿಡಗಳ ತಲೆಯ ಮೇಲೆ ಹೊದಿಸುತ್ತಾರೆ. ಕುಂಡಕ್ಕೂ ಅದಕ್ಕಿಂತ ಒಳ್ಳೆಯ ವಸ್ತು ಸಿಗದು. ಗರಿಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ನಿಂತ ಗಾಳಿಯೇ ಬೆಚ್ಚಗಿನ ಪದರ. ಭಾರವಿಲ್ಲ, ಎಲೆ ಮುರಿಯದು, ಬೆಲೆ ಇಲ್ಲ, ಕೊನೆಗೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಮೈಸೂರಿನ ಅರಸರು ಬೇಸಿಗೆ ಕಳೆಯಲು ಬರುತ್ತಿದ್ದ ಅರಮನೆ ಇರುವ ಜಾಗದ ಹೆಸರು ಫರ್ನ್‌ಹಿಲ್, ಕನ್ನಡಕ್ಕೆ ತಂದರೆ ಜರಿಗಿಡದ ಗುಡ್ಡ. ಅದರ ಬಳಿಯೇ ಕರ್ನಾಟಕ ತೋಟಗಾರಿಕೆ ಇಲಾಖೆಯ 38 ಎಕರೆಯ ಉದ್ಯಾನ ಈಗ ಪ್ರವಾಸಿಗರನ್ನು ಸೆಳೆಯುತ್ತಿದೆ. ಮೈಸೂರು ಸೀಮೆಯಿಂದ ಬಂದವರು ಅಲ್ಲಿ ಹೂ ನೋಡಿ ಸಂತೋಷಪಟ್ಟು ಹೋಗುತ್ತಾರೆ. ಆ ಗುಡ್ಡಕ್ಕೆ ಹೆಸರು ಕೊಟ್ಟ ಗಿಡ ಬೇಲಿಯ ಆಚೆ ಯಾರ ಗಮನಕ್ಕೂ ಬಾರದೆ ನಿಂತಿರುತ್ತದೆ.

ಜರಿಗಿಡ ಸಿಗದ ಪೇಟೆಯ ಮನೆಗಳಲ್ಲಿ ಗೋಣಿತಾಟು, ಹಳೆಯ ಬೆಡ್‌ಶೀಟು, ಹರಿದ ಕಂಬಳಿ. ಇವುಗಳೂ ಒಳ್ಳೆಯವೇ. ಆದರೆ ಈಚೆಗೆ ಎಲ್ಲೆಡೆ ಕಾಣುವ ಪ್ಲಾಸ್ಟಿಕ್ ಹಾಳೆಯನ್ನು ಒಪ್ಪುವುದು ಕಷ್ಟ. ಅದು ಗಿಡದ ಮೈಗೆ ಅಂಟಿಕೊಂಡ ಕಡೆಯಲ್ಲೆಲ್ಲ ಚಳಿ ನೇರವಾಗಿ ಎಲೆಗೆ ದಾಟುತ್ತದೆ. ಒಳಗಿನ ತೇವ ಹನಿಯಾಗಿ ಹಾಳೆಯ ಒಳಮೈಗೆ ಕೂತು ಅಲ್ಲೇ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ತೆಗೆಯಲು ಮರೆತರೆ ಹತ್ತು ಗಂಟೆಯ ಬಿಸಿಲಿಗೆ ಒಳಗಿನ ಗಿಡ ಬೇಯುತ್ತದೆ. ಪ್ಲಾಸ್ಟಿಕ್ಕೇ ಗತಿ ಎನ್ನುವವರು ನಾಲ್ಕು ಬಿದಿರು ಕಡ್ಡಿ ನೆಟ್ಟು, ಎಲೆಗೆ ಸೋಕದಂತೆ ಡೇರೆಯ ಹಾಗೆ ಕಟ್ಟಬೇಕು. ಯಾವ ಹೊದಿಕೆಯಾದರೂ ಅದು ನೆಲದವರೆಗೆ ಇಳಿದಿರಬೇಕು, ಏಕೆಂದರೆ ಹೊದಿಕೆ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ನೆಲದಿಂದ ಏಳುವ ಬಿಸಿಯನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಗಿಡದ ತಲೆಗೆ ಮಾತ್ರ ಚೀಲ ತೊಡಿಸಿ ಕುತ್ತಿಗೆಗೆ ಹುರಿ ಕಟ್ಟಿದವರು ತಮ್ಮ ಸಮಾಧಾನಕ್ಕೆ ಕಟ್ಟಿದ್ದು. ಹೊದಿಸುವುದೂ ಸೂರ್ಯ ಮುಳುಗುವ ಮೊದಲೇ ಆಗಬೇಕು. ಊಟ ಮುಗಿಸಿ ಒಂಬತ್ತು ಗಂಟೆಗೆ ಹೊದಿಸಿದರೆ ಆಗಲೇ ತಣ್ಣಗಾದ ಮಣ್ಣನ್ನು ಜೋಪಾನವಾಗಿ ತಣ್ಣಗೆ ಇಟ್ಟಂತಾಗುತ್ತದೆ. ಡಿಸೆಂಬರದ ಸಂಜೆ ಐದು ಗಂಟೆಗೆ ಬೇಲಿಯಾಚೆಯಿಂದ ‘ಅಕ್ಕಾ, ಗಿಡ ಮುಚ್ಚಿದಿರಾ?’ ಎಂದು ಕೇಳುವ ನೆರೆಮನೆಯವರು ಇರುವುದು ಭಾಗ್ಯ.

ನೀರಿನ ವಿಷಯದಲ್ಲಿ ಜನರ ಊಹೆ ಹೆಚ್ಚಾಗಿ ತಪ್ಪುತ್ತದೆ. ಚಳಿಗಾಲವೆಂದು ಕುಂಡವನ್ನು ಪೂರ್ತಿ ಒಣಗಿಸುವವರಿದ್ದಾರೆ. ಒಣಮಣ್ಣು ಬಿಸಿಯನ್ನು ಹಿಡಿದಿಡಲಾರದು. ಹಸಿಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹೊತ್ತು ಕಾಪಾಡುತ್ತದೆ. ಹಾಗೆಂದು ಸಂಜೆ ನೀರು ಹಾಕಿ ಎಲೆ ತೊಯ್ಯಿಸಿದರೂ ಕೆಡುಕು. ಬಿಸಿಲೇರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ, ಬುಡಕ್ಕೆ ಮಾತ್ರ ಮಿತವಾಗಿ ಹಾಕುವುದು ಸರಿಯಾದ ಕ್ರಮ. ಕುಂಡದ ಅಡಿಯ ತಟ್ಟೆಯಲ್ಲಿ ನೀರು ನಿಲ್ಲಬಾರದು. ನಿಂತರೆ ಬೆಳಗ್ಗೆ ಅದರ ಮೇಲೆ ಗಾಜಿನಂಥ ಪದರ ಕಟ್ಟಿರುತ್ತದೆ. ಮಣ್ಣಿನ ಕುಂಡ ನೀರು ಹೀರಿಕೊಂಡು, ಆ ನೀರು ಹೆಪ್ಪಾಗುವಾಗ ಹತ್ತರಲ್ಲಿ ಒಂದು ಪಾಲಿನಷ್ಟು ಉಬ್ಬಿ, ಕಂಠದ ಬಳಿ ಸೀಳುವುದೂ ಉಂಟು. ದೊಡ್ಡ ತೋಟಗಳಲ್ಲಿ ರಾತ್ರಿಯಿಡೀ ತುಂತುರು ನೀರು ಹಾಯಿಸಿ ಗಿಡ ಕಾಯುವ ವಿಧಾನವೊಂದಿದೆ. ನೀರು ಮಂಜಾಗುವಾಗ ಬಿಸಿಯನ್ನು ಹೊರಬಿಡುತ್ತದೆ ಎಂಬ ನಿಯಮದ ಮೇಲೆ ಅದು ನಿಂತಿದೆ. ಆದರೆ ನಡುರಾತ್ರಿ ವಿದ್ಯುತ್ ಹೋಗಿ ಪಂಪು ನಿಂತರೆ ಒದ್ದೆಯಾದ ಗಿಡ ಒಣಗಿದ್ದಕ್ಕಿಂತ ಹೆಚ್ಚು ಕೆಡುತ್ತದೆ. ಮನೆಯವರು ಆ ಸಾಹಸಕ್ಕೆ ಹೋಗದಿರುವುದು ಮೇಲು. ಅದರ ಬದಲು ಕುಂಡಗಳ ಗುಂಪಿನ ನಡುವೆ ನೀರು ತುಂಬಿದ ಒಂದು ಡ್ರಮ್ಮನ್ನು ಇಟ್ಟರೆ ಅದು ಹಗಲಿನ ಬಿಸಿಲನ್ನು ರಾತ್ರಿಗೆ ಸಾಗಿಸುತ್ತದೆ.

ಗಿಡದ ಹುಟ್ಟೂರನ್ನು ಕೇಳದೆ ಅದನ್ನು ಕಾಯಲಾಗದು. ಕೆಮೆಲಿಯಾ, ಅಜೇಲಿಯಾಗಳು ಚೀನಾ, ಜಪಾನುಗಳ ತಂಪುಸೀಮೆಯಿಂದ ಬಂದವು. ನೀಲಗಿರಿಯ ಹಿಮ ಅವುಗಳ ಎಲೆಗೆ ಲೆಕ್ಕಕ್ಕಿಲ್ಲ. ಬಿರಿಯುತ್ತಿರುವ ಮೊಗ್ಗನ್ನು ಮಾತ್ರ ಬೆಳಗಿನ ಬಿಸಿಲಿನಿಂದ ಮರೆಮಾಡಿದರೆ ಸಾಕು. ಹೈಡ್ರೇಂಜಿಯಾ ಎಲೆ ಕಳೆದುಕೊಂಡು ಬರಲಾದರೂ ಕಾಂಡ ಜೀವಂತ. ಅದರ ಬರುವ ವರ್ಷದ ಹೂ ಆ ಹಳೆಯ ಕಾಂಡದ ತುದಿಯ ಮೊಗ್ಗಿನಲ್ಲೇ ಇರುವುದರಿಂದ ಚಳಿಗಾಲದಲ್ಲಿ ಕತ್ತರಿ ಹಿಡಿದವರು ಮೇ ತಿಂಗಳಿನಲ್ಲಿ ಬರಿಯ ಎಲೆ ನೋಡಬೇಕಾಗುತ್ತದೆ. ಫ್ಯೂಷಿಯಾ ದಕ್ಷಿಣ ಅಮೆರಿಕದ ಬೆಟ್ಟಗಳದ್ದು, ತಂಪು ಬೇಕು, ಹಿಮ ಬೇಡ. ಊಟಿಯ ಕಿಟಕಿಗಳ ಕಳೆಯಾದ ಜೆರೇನಿಯಂ ದಕ್ಷಿಣ ಆಫ್ರಿಕಾದಿಂದ ಬಂದದ್ದು. ಒಂದು ಕೆಟ್ಟ ರಾತ್ರಿ ಸಾಕು, ಅದರ ದಪ್ಪ ಎಲೆಗಳು ಕರಗಿಹೋಗುತ್ತವೆ.

ಇವೆಲ್ಲವೂ ಪೇಟೆಯಲ್ಲಿ ಮತ್ತೆ ಕೊಳ್ಳಬಹುದಾದ ಗಿಡಗಳು. ಕನ್ನಡದ ಮನೆಗಳಲ್ಲಿ ನಿಜವಾದ ಚಿಂತೆ ಬೇರೆ ಕೆಲವು ಕುಂಡಗಳದ್ದು. ಮೈಸೂರು, ಚಾಮರಾಜನಗರಗಳ ಕಡೆಯಿಂದ ತೌರಿನವರು ಬಂದಾಗ ತಂದ ಕರಿಬೇವು, ದುಂಡುಮಲ್ಲಿಗೆ, ದಾಸವಾಳ; ಇವುಗಳ ಜೊತೆಗೆ, ಎಲ್ಲಕ್ಕಿಂತ ಮೊದಲಿಗೆ, ತುಳಸಿ. ಬಯಲಿನ ಬಿಸಿಲಿನಲ್ಲಿ ಕಳೆಯಂತೆ ಬೆಳೆಯುವ ಈ ಗಿಡಗಳಿಗೆ ಇಲ್ಲಿ ಪ್ರತಿ ಚಳಿಗಾಲವೂ ಗಂಡಾಂತರ. ನೆಲದಲ್ಲಿ ನೆಟ್ಟರೆ ಬದುಕುವುದೇ ಕಡಿಮೆ. ಕುಂಡದಲ್ಲಿದ್ದರೆ ಎತ್ತಿಡಬಹುದೆಂಬ ಒಂದೇ ಆಸೆ. ದಾಸವಾಳ ಹಿಮದ ಮೊದಲ ಹೊಡೆತಕ್ಕೇ ಬೀಳುತ್ತದೆ. ಮಲ್ಲಿಗೆ ಕೊಂಬೆ ಕಳೆದುಕೊಂಡು ಬುಡದಿಂದ ಮತ್ತೆ ಚಿಗುರೀತು. ಕರಿಬೇವು ಎಲೆಯನ್ನೆಲ್ಲ ಉದುರಿಸಿ ಸತ್ತಂತೆ ನಟಿಸುತ್ತದೆ. ಆಗ ಕನಿಕರದಿಂದ ದಿನವೂ ನೀರು ಹಾಕುವವರೇ ಅದನ್ನು ನಿಜವಾಗಿ ಕೊಲ್ಲುವವರು, ಎಲೆಯಿಲ್ಲದ ಗಿಡ ನೀರು ಕುಡಿಯದು, ತಣ್ಣನೆಯ ಕೆಸರಿನಲ್ಲಿ ಬೇರು ಕೊಳೆಯುತ್ತದೆ.

ತುಳಸಿಯ ಕಾಲ ಇನ್ನೂ ವಿಚಿತ್ರವಾದ ಹೊಂದಾಣಿಕೆಯದು. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ನೆಲ್ಲಿಯ ಕೊಂಬೆಯೊಡನೆ ಅದರ ಮದುವೆ. ಮಳೆಗಾಲದ ನೀರುಂಡು ಗಿಡ ತುಂಬಿ ನಿಂತಿರುವ ಹೊತ್ತು ಅದು. ನವೆಂಬರದಲ್ಲಿ ಮದುವೆ; ಆಮೇಲೆ ಕೆಲವೇ ವಾರಗಳಲ್ಲಿ ಮೊದಲ ಹಿಮ. ಗೋಣಿಚೀಲವನ್ನು ತುಳಸಿಯ ತಲೆಗೆ ಹಾಕಲು ಹಿರಿಯರಿಗೆ ಮನಸ್ಸಾಗುವುದಿಲ್ಲ. ಒಗೆದ ಪಂಚೆಯ ತುಂಡೋ, ಬೋರಲು ಹಾಕಿದ ಬಿದಿರಿನ ಕುಕ್ಕೆಯೋ ಆ ಸಂಕೋಚವನ್ನು ನಿವಾರಿಸುತ್ತದೆ. ಕುಕ್ಕೆಯ ಮೇಲೆ ಬಟ್ಟೆ ಹೊದಿಸಿದರೆ ಒಳಗೆ ಗಾಳಿಯೂ ಉಳಿಯುತ್ತದೆ, ಎಲೆಗೆ ಏನೂ ಸೋಕುವುದಿಲ್ಲ. ಶಾಸ್ತ್ರಕ್ಕೂ ಗಿಡಕ್ಕೂ ಅದು ಒಪ್ಪುವ ಏರ್ಪಾಡು. ಸಂಜೆಯ ದೀಪದ ಬಿಸಿ ಗಿಡಕ್ಕೆ ತಾಗಲೆಂದು ಹಣತೆಯನ್ನು ಹೊದಿಕೆಯ ಒಳಗೇ ಇಡುವ ಯೋಚನೆ ಯಾರಿಗಾದರೂ ಬಂದರೆ ಬಟ್ಟೆ ಹೊತ್ತಿಕೊಳ್ಳುವುದನ್ನೂ ಯೋಚಿಸಬೇಕು. ಎಷ್ಟು ಕಾಪಾಡಿದರೂ ಕೆಲವು ವರ್ಷ ತುಳಸಿ ಉಳಿಯುವುದಿಲ್ಲ. ಅದು ತಿಳಿದವರು ಮದುವೆ ಮುಗಿದ ವಾರದಲ್ಲೇ ಒಣಗಿದ ಕದಿರುಗಳನ್ನು ಬಿಡಿಸಿ, ಸಾಸಿವೆಗಿಂತ ಸಣ್ಣದಾದ ಬೀಜವನ್ನು ಕಾಗದದಲ್ಲಿ ಮಡಿಸಿ, ಅಡುಗೆಮನೆಯ ಬೆಚ್ಚನೆಯ ಕಪಾಟಿನಲ್ಲಿ ಇಡುತ್ತಾರೆ. ಎರಡು ಎಳೆ ಕೊಂಬೆ ಕತ್ತರಿಸಿ ನೀರಿನ ಲೋಟದಲ್ಲಿಟ್ಟರೆ ಅವೂ ಬೇರು ಬಿಡುತ್ತವೆ. ಕಟ್ಟೆ ಬರಿದಾದರೂ ವಂಶ ಮುಂದುವರಿಯುತ್ತದೆ.

ಕುಂಡವನ್ನೇ ಒಳಗೆ ತಂದರಾಗದೇ ಎಂಬ ಪ್ರಶ್ನೆ ಸಹಜ. ಇದು ಹೊಸ ಪ್ರಶ್ನೆಯಲ್ಲ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 14ನೆಯ ಲೂಯಿ ದೊರೆಗಾಗಿ 1684ರಿಂದ 1686ರ ನಡುವೆ ವಾಸ್ತುಶಿಲ್ಪಿ ಹಾರ್ಡುವಾ ಮಾನ್ಸಾರ್ ಕಟ್ಟಿದ ಕಿತ್ತಳೆಮನೆಗೆ ಇದೇ ಪ್ರಶ್ನೆ ಮೂಲ. 150 ಮೀಟರಿಗಿಂತ ಉದ್ದದ ಕಲ್ಲಿನ ಕಮಾನುಮಂಟಪ, ದಪ್ಪ ಗೋಡೆ, ದಕ್ಷಿಣಕ್ಕೆ ಮಾತ್ರ ತೆರೆದ ದೊಡ್ಡ ಕಿಟಕಿಗಳು. ಮರದ ಪೆಟ್ಟಿಗೆಗಳಲ್ಲಿ ನೆಟ್ಟ ಕಿತ್ತಳೆ, ನಿಂಬೆ, ದಾಳಿಂಬೆ, ಕಣಗಿಲೆ ಮರಗಳು ಅಕ್ಟೋಬರದಲ್ಲಿ ಅದರೊಳಗೆ ಹೋಗಿ ಮೇ ತಿಂಗಳಲ್ಲಿ ಹೊರಬರುತ್ತವೆ. ಇಂದಿಗೂ ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ಹೀಗೆ ವರ್ಷಕ್ಕೆ ಎರಡು ಸಲ ಪ್ರಯಾಣ ಮಾಡುತ್ತವೆ. ನಮ್ಮ ಕಡೆ ದನವೂ ಮುಟ್ಟದೆ ಹಾದಿಯ ಬದಿಯಲ್ಲಿ ಹೂ ಬಿಡುವ ಕಣಗಿಲೆಗೆ ಅಲ್ಲಿ ಅರಮನೆಯ ವಾಸ! ಗಮನಿಸಬೇಕಾದ್ದು ಎಂದರೆ ಆ ಮಂಟಪ ಬಿಸಿಯಾದ ಕೋಣೆಯಲ್ಲ. ಹೆಪ್ಪುಗಟ್ಟದಷ್ಟು ತಂಪು, ಸಾಕಷ್ಟು ಬೆಳಕು, ಇವೆರಡೇ ಅದರ ಗುಟ್ಟು. ಬೆಂಗಳೂರಿನ ಲಾಲ್‌ಬಾಗಿನಲ್ಲೂ 1889ರಷ್ಟು ಹಳೆಯದಾದ ಗಾಜಿನ ಮನೆಯಿದೆ. ಅದರ ಹೆಸರು ಪ್ರದರ್ಶನಗಳಿಂದ ಬಂದದ್ದು. ಚಳಿಗೆ ಹೆದರಿ ಅದರೊಳಗೆ ಗಿಡ ಒಯ್ಯುವ ಪ್ರಮೇಯ ಬೆಂಗಳೂರಿಗಿಲ್ಲ.

ಉದಕಮಂಡಲದ ಹಳೆಯ ಬಂಗಲೆಗಳ ಮುಂಭಾಗದಲ್ಲಿ ಗಾಜು ಹಾಕಿದ ಜಗಲಿ ಇರುತ್ತದೆ. ಕಿತ್ತಳೆಮನೆಯ ಸಣ್ಣ ರೂಪವೇ ಅದು. ಅಂಥದು ಇದ್ದವರು ಕರಿಬೇವು, ನಿಂಬೆ, ಮಲ್ಲಿಗೆಗಳನ್ನು ನವೆಂಬರದ ಕೊನೆಗೆ ಅಲ್ಲಿಗೆ ಸರಿಸಿ ನೆಮ್ಮದಿಯಾಗಿರಬಹುದು. ಇಲ್ಲದವರು ಗಿಡವನ್ನು ಅಡುಗೆಮನೆಯ ಮೂಲೆಗೆ ತಳ್ಳುತ್ತಾರೆ. ಅಲ್ಲಿ ಒಲೆಯ ಬಿಸಿಗೆ ಗಿಡ ಎಚ್ಚರವಾಗಿಯೇ ಉಳಿದು, ಬೆಳಕಿಲ್ಲದೆ ಬಿಳಿಚಿಕೊಂಡ ಉದ್ದನೆಯ ಚಿಗುರು ಬಿಟ್ಟು, ಮಾರ್ಚಿನಲ್ಲಿ ಹೊರಗೆ ಇಟ್ಟ ದಿನವೇ ಬಾಡುತ್ತದೆ. ಒಳಗೆ ಬೆಳಕಿನ ಜಾಗವಿಲ್ಲದಿದ್ದರೆ ಹೊರಗಿನ ಸೂರಿನ ಬುಡವೇ ಲೇಸು. ದಿನವೂ ಸಂಜೆ ಒಳಗೆ, ಬೆಳಗ್ಗೆ ಹೊರಗೆ ಎಂದು ಹೊತ್ತು ತಿರುಗುವ ಉತ್ಸಾಹಿಗಳಿಗೆ ಮೊದಲ ವಾರ ಗಿಡ ಚೆನ್ನಾಗಿರುತ್ತದೆ. ಮೂರನೆಯ ವಾರದಲ್ಲಿ ಸೊಂಟ ಹಿಡಿಯುತ್ತದೆ. ಮದುವೆಗೆಂದು ಊರಿಗೆ ಹೋದ ಆ ಒಂದು ರಾತ್ರಿಯೇ ಹಿಮ ಬೀಳುತ್ತದೆ. ಕೂನೂರಿನವರಿಗೆ ಈ ಕಷ್ಟವಿಲ್ಲ. ಅಲ್ಲಿಯ ಸಿಮ್ಸ್ ಪಾರ್ಕು 1800 ಮೀಟರಿಗಿಂತ ಸ್ವಲ್ಪ ಕೆಳಗಿದೆ. ನಾನೂರೈವತ್ತು ಮೀಟರು ಇಳಿದರೆ ಚಳಿಯ ಕಾಟ ಬಹಳಷ್ಟು ಕಡಿಮೆ. ಊಟಿಯಲ್ಲಿ ಸತ್ತ ಗಿಡದ ತಮ್ಮ ಅಲ್ಲಿ ಹೂ ಬಿಟ್ಟು ನಿಂತಿರುತ್ತಾನೆ.

ಇಷ್ಟಾದ ಮೇಲೂ ಸುಟ್ಟ ಗಿಡಗಳು ಇರುತ್ತವೆ. ಅವುಗಳ ವಿಷಯದಲ್ಲಿ ಬೇಕಾಗಿರುವುದು ಸುಮ್ಮನಿರುವ ಗುಣ. ಕಪ್ಪಾದ ಎಲೆ, ಕಂದಿದ ತುದಿ ನೋಡಲು ಅಸಹ್ಯ. ಕೈ ತಾನಾಗಿ ಕತ್ತರಿಯತ್ತ ಹೋಗುತ್ತದೆ. ಆದರೆ ಆ ಸತ್ತ ಎಲೆಗಳೇ ಕೆಳಗಿನ ಬದುಕಿದ ಮೊಗ್ಗುಗಳಿಗೆ ಮುಂದಿನ ಹಿಮದ ದಿನ ಕೊಡೆ. ಕತ್ತರಿಸಿದರೆ ಗಿಡ ಹೊಸ ಚಿಗುರು ಬಿಡುತ್ತದೆ, ಆ ಎಳೆ ಚಿಗುರು ಫೆಬ್ರವರಿಯ ಹಿಮಕ್ಕೆ ತುತ್ತಾಗುತ್ತದೆ, ಎರಡು ಸಲ ಸತ್ತ ಗಿಡಕ್ಕೆ ಮೂರನೆಯ ಸಲ ಚಿಗುರುವ ಶಕ್ತಿ ಇರದು. ಅಕ್ಟೋಬರದ ನಂತರ ಗೊಬ್ಬರ ಹಾಕಬಾರದೆಂಬುದಕ್ಕೂ ಇದೇ ಕಾರಣ. ಚಳಿಗಾಲಕ್ಕೆ ಗಿಡ ಗಟ್ಟಿಯಾಗಿ, ಸ್ವಲ್ಪ ಹಸಿದೇ ಒಳಹೋಗಬೇಕು.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ ಬಯಲುಸೀಮೆಯಲ್ಲಿ. ಈ ಬೆಟ್ಟದಲ್ಲಿ ಅದು ಹೊರಟಮೇಲೂ ಒಮ್ಮೆ ಬಾಗಿಲವರೆಗೆ ಹಿಂದಿರುಗಿ ನೋಡುವುದುಂಟು. ಹಾಗಾಗಿ ಅನುಭವಸ್ಥರು ಹಬ್ಬ ಕಳೆದು ಇನ್ನೆರಡು ವಾರ ಗೋಣಿತಾಟುಗಳನ್ನು ಮಡಿಸಿಡುವುದಿಲ್ಲ. ಮಾರ್ಚಿನ ನಡುವೆ, ಬೆಳಗಿನ ಇಬ್ಬನಿ ಬರಿಯ ನೀರಾಗಿಯೇ ಉಳಿದಾಗ, ಕರಿಬೇವಿನ ಬೋಳು ಕಾಂಡವನ್ನು ತುದಿಯಿಂದ ಬುಡದ ಕಡೆಗೆ ಉಗುರಿನಿಂದ ಸ್ವಲ್ಪಸ್ವಲ್ಪವಾಗಿ ಕೆರೆದು ನೋಡುತ್ತಾರೆ. ಮೇಲೆ ಕಂದು, ಇನ್ನೂ ಕೆಳಗೆ ಕಂದು, ಬುಡದಿಂದ ನಾಲ್ಕು ಬೆರಳು ಮೇಲೆ ಸಿಪ್ಪೆಯಡಿಯಲ್ಲಿ ಹಸಿರು. ಕತ್ತರಿ ಹಾಕುವುದು ಅಲ್ಲಿ, ಆ ಹಸಿರಿನಿಂದ ಒಂದು ಗೆಣ್ಣು ಮೇಲೆ.